ಝ್ಯೂಸ್ ಆಟದಲ್ಲಿ ವ್ಯಾಪಾರ, ನಂಟು, ಮುಯ್ಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಪ್ರೆಷನ್ಸ್ ಗೇಮ್ಸ್ ತಯಾರಿಸಿ 2000ನೇ ಇಸವಿಯಲ್ಲಿ ಸಿಯೆರಾ ಹೊರತಂದ ‘ಝ್ಯೂಸ್: ಮಾಸ್ಟರ್ ಆಫ್ ಒಲಿಂಪಸ್’ ಎಂಬ, ಹಳೆಯ ಗ್ರೀಕರ ಊರು ಕಟ್ಟುವ ಕಂಪ್ಯೂಟರ್ ಆಟವನ್ನು ನಾನು ವರ್ಷಗಟ್ಟಲೆ ಆಡಿದ್ದೇನೆ. ರಸ್ತೆ ಹಾಕುವುದು, ಮನೆ ಕಟ್ಟುವುದು, ನೀರು ಒದಗಿಸುವುದು ಹೊಸಬರಿಗೂ ಎರಡು ಮೂರು ದಿನದಲ್ಲಿ ಕೈಗೆ ಹತ್ತುತ್ತದೆ. ಪ್ರಪಂಚದ ನಕ್ಷೆ ತೆರೆದ ಮೇಲೆ ಮಾತ್ರ ತಲೆ ಕೆಡುತ್ತದೆ. ಸುತ್ತ ಹತ್ತಾರು ನಗರಗಳು: ಒಂದು ಕೊಳ್ಳುತ್ತದೆ, ಇನ್ನೊಂದು ಬೇಡುತ್ತದೆ, ಮತ್ತೊಂದು ದಂಡು ಕಳಿಸುತ್ತದೆ. ಆಟಗಾರರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟಿದವು. ನಿಜವಾದ ಗ್ರೀಕರ ಇತಿಹಾಸ ಗೊತ್ತಿದ್ದರೆ ಆಟದ ನಿಯಮ ಬೇಗ ಅರ್ಥವಾಗುತ್ತದೆ ಎನ್ನುವುದು ನನ್ನ ಅನುಭವ. ಆದ್ದರಿಂದ ಅಲ್ಲಲ್ಲಿ ಅದನ್ನೂ ಸೇರಿಸಿದ್ದೇನೆ.

ವ್ಯಾಪಾರ ಶುರುಮಾಡಲು ಮೊದಲು ಏನು ಮಾಡಬೇಕು?

ಏನನ್ನೂ ಕಟ್ಟುವ ಮುಂಚೆ ಆಟವನ್ನು ತಡೆದು ನಿಲ್ಲಿಸಿ ಪ್ರಪಂಚದ ನಕ್ಷೆ ತೆರೆಯಿರಿ. ಒಂದೊಂದೇ ನಗರದ ಮೇಲೆ ಒತ್ತಿ, ಅದು ಏನು ಮಾರುತ್ತದೆ, ಏನು ಕೊಳ್ಳುತ್ತದೆ ನೋಡಿ. ನಾನು ಈಗಲೂ ಒಂದು ಹಾಳೆಯಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ: ನಮ್ಮ ನೆಲದಲ್ಲಿ ಬೆಳೆಯದ್ದು ಯಾವುದು, ಅದನ್ನು ಕೊಡುವವರು ಯಾರು.

ನೆಲದ ದಾರಿಯಲ್ಲಿ ಬರುವ ನಗರಕ್ಕೆ ಟ್ರೇಡಿಂಗ್ ಪೋಸ್ಟ್ ಎಂಬ ವ್ಯಾಪಾರದ ಕಟ್ಟಡ ಬೇಕು, ಸಮುದ್ರದ ದಾರಿಯಲ್ಲಿ ಬರುವ ನಗರಕ್ಕೆ ದಂಡೆಯಲ್ಲಿ ಪಿಯರ್ ಎಂಬ ಹಡಗುಕಟ್ಟೆ ಬೇಕು. ಇದೇ ಕಂಪನಿಯ ‘ಸೀಸರ್ 3’ ಆಡಿ ಬಂದವರು ಇಲ್ಲಿ ಎಡವುತ್ತಾರೆ. ಅಲ್ಲಿ ಒಂದು ಹಡಗುಕಟ್ಟೆ ಎಲ್ಲ ನಗರಗಳಿಗೂ ಸಾಕು. ಝ್ಯೂಸ್‌ನಲ್ಲಿ ಪ್ರತಿ ನಗರಕ್ಕೂ ಅದರದೇ ಪೋಸ್ಟ್ ಅಥವಾ ಪಿಯರ್ ಕಟ್ಟಬೇಕು. ನಾಲ್ಕು ನಗರಗಳ ಜೊತೆ ವ್ಯಾಪಾರ ಎಂದರೆ ನಾಲ್ಕು ಕಟ್ಟಡ, ನಾಲ್ಕು ಕಡೆ ಆಳುಗಳು. ದಂಡೆಯ ಜಾಗವೂ ಬೇಗ ಮುಗಿದುಹೋಗುತ್ತದೆ. ಮೀನುಗಾರರ ಕಟ್ಟೆ, ಪಿಯರ್, ಮುಂದೆ ಯುದ್ಧದ ಹಡಗು ಕಟ್ಟುವ ಜಾಗ, ಎಲ್ಲಕ್ಕೂ ಅದೇ ದಂಡೆ. ಮೊದಲ ದಿನವೇ ಎರಡು ಮೂರು ಕಟ್ಟಡದಷ್ಟು ದಂಡೆಯನ್ನು ಖಾಲಿ ಬಿಟ್ಟಿರಿ.

ಪೋಸ್ಟ್ ಕಟ್ಟಿದೆ, ವ್ಯಾಪಾರಿಯೂ ಬಂದ. ಆದರೂ ಏನೂ ಮಾರಾಟವಾಗಲಿಲ್ಲ. ಯಾಕೆ?

ಕಟ್ಟಿದರಷ್ಟೇ ಸಾಲದು, ಅದಕ್ಕೆ ಆದೇಶ ಕೊಡಬೇಕು. ಕಟ್ಟಡದ ಮೇಲೆ ಬಲಗುಂಡಿ ಒತ್ತಿದರೆ ಯಾವ ಸರಕನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು, ಎಷ್ಟರವರೆಗೆ ಎಂಬುದನ್ನು ಗೊತ್ತುಮಾಡಬಹುದು. ಆದೇಶ ಸರಿಯಿದ್ದರೂ ಮಾರಾಟ ಆಗದಿದ್ದರೆ ಆಳುಗಳು ಸಾಕಷ್ಟಿದ್ದಾರಾ ನೋಡಿ. ಆಮೇಲೆ ಸರಕು ನಿಜವಾಗಿ ಪೋಸ್ಟ್‌ಗೆ ಬಂದು ಸೇರಿದೆಯಾ ನೋಡಿ. ಊರಿನ ಇನ್ನೊಂದು ತುದಿಯ ಗೋದಾಮಿನಲ್ಲಿ ಉಣ್ಣೆ ತುಂಬಿ ತುಳುಕುತ್ತಿದ್ದರೂ ಗಾಡಿಯವನು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಹಡಗು ಹೊರಟಿರುತ್ತದೆ. ಮಾರುವ ಸರಕಿನ ಕಾರ್ಖಾನೆಯನ್ನು ಪಿಯರ್‌ನ ಪಕ್ಕದಲ್ಲೇ ಕಟ್ಟಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಪ್ರತಿ ನಗರವೂ ವರ್ಷಕ್ಕೆ ಇಷ್ಟೇ ಎಂದು ಮಿತಿ ಇಟ್ಟುಕೊಂಡಿರುತ್ತದೆ. ಆ ವರ್ಷದ ಪಾಲು ಮುಗಿದಿದ್ದರೆ ಹೊಸ ವರ್ಷದವರೆಗೆ ಕಾಯಲೇಬೇಕು.

ಯಾವುದನ್ನು ಮಾರಿದರೆ ಲಾಭ?

ಕಚ್ಚಾ ಸರಕನ್ನು ಮಾರಬೇಡಿ, ಮಾಡಿದ ಸರಕನ್ನು ಮಾರಿ. ಆಲಿವ್ ಕಾಯಿಗಿಂತ ಎಣ್ಣೆಗೆ, ದ್ರಾಕ್ಷಿಗಿಂತ ವೈನ್‌ಗೆ, ಕಂಚಿನ ಗಟ್ಟಿಗಿಂತ ಕವಚಕ್ಕೆ, ಪ್ರತಿಮೆಗೆ ಹೆಚ್ಚು ಬೆಲೆ. ಕಚ್ಚಾ ಸರಕು ನಿಮ್ಮ ನೆಲದಲ್ಲಿ ಸಿಗದಿದ್ದರೂ ಚಿಂತೆಯಿಲ್ಲ. ಒಬ್ಬರಿಂದ ಕಂಚು ಕೊಂಡು ಕವಚ ಮಾಡಿ ಇನ್ನೊಬ್ಬರಿಗೆ ಮಾರಿದರೂ ನಡುವೆ ದುಡ್ಡು ಉಳಿಯುತ್ತದೆ, ಊರಿನವರಿಗೆ ಕೆಲಸವೂ ಸಿಗುತ್ತದೆ.

ಅಥೆನ್ಸ್ ಸುತ್ತಲಿನ ಆಟಿಕಾ ನೆಲ ತೆಳುಮಣ್ಣಿನದು. ಗೋಧಿಗೆ ಒಗ್ಗುವುದಿಲ್ಲ, ಆಲಿವ್‌ಗೆ ಒಗ್ಗುತ್ತದೆ. ಕ್ರಿ.ಪೂ. 6ನೇ ಶತಮಾನದ ಆರಂಭದಲ್ಲಿ ಅಥೆನ್ಸಿನ ಮುಖಂಡ ಸೋಲನ್ ಮಾಡಿದ ಕಾನೂನಿನಂತೆ ನೆಲದ ಬೆಳೆಯಲ್ಲಿ ಆಲಿವ್ ಎಣ್ಣೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಹೊರಗೆ ಕಳಿಸುವಂತಿರಲಿಲ್ಲ ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುತ್ತಾನೆ. ಊರಿನ ಹೊಟ್ಟೆಗೆ ಬೇಕಾದ್ದು ಊರಲ್ಲೇ ಇರಲಿ, ಮಿಕ್ಕಿದ್ದು ಮಾತ್ರ ಹಡಗು ಹತ್ತಲಿ ಎಂಬ ಲೆಕ್ಕ. ಆಟದಲ್ಲೂ ನಾನು ಇದನ್ನೇ ಪಾಲಿಸುತ್ತೇನೆ. ಸಾಮಾನ್ಯ ಮನೆಗಳು ಮೇಲ್ದರ್ಜೆಗೆ ಏರಲು ಆಹಾರ, ಉಣ್ಣೆ, ಎಣ್ಣೆ ಬೇಕು. ಸಿರಿವಂತರ ಮನೆಗಳಿಗೆ ಅದರ ಮೇಲೆ ವೈನ್, ಕವಚ, ಕುದುರೆ. ಅಗೋರಾದ, ಅಂದರೆ ಊರಿನ ಮಾರುಕಟ್ಟೆಯ, ಅಂಗಡಿ ಖಾಲಿಯಾಗುವ ಹಾಗೆ ಮಾರಿದರೆ ಮನೆಗಳು ಕೆಳದರ್ಜೆಗೆ ಇಳಿದು ಜನ ಊರು ಬಿಡುತ್ತಾರೆ. ಪಿಯರ್‌ನಲ್ಲಿ ಬಂದ ಲಾಭ ಅಲ್ಲಿಗೆ ಮುಗಿಯಿತು.

ವ್ಯಾಪಾರ ಕುದುರುವ ತನಕ ದುಡ್ಡು ಎಲ್ಲಿಂದ ತರಲಿ?

ನಕ್ಷೆಯಲ್ಲಿ ಬೆಳ್ಳಿಯ ಬಂಡೆ ಇದ್ದರೆ ಟಂಕಸಾಲೆ ಕಟ್ಟಿ. ಬೆಳ್ಳಿ ತೆಗೆದು ನೇರವಾಗಿ ದ್ರಾಕ್ಮಾ, ಅಂದರೆ ಆಟದ ದುಡ್ಡು, ಮಾಡಿಕೊಡುತ್ತದೆ. ಅರಮನೆ ಎದ್ದ ಮೇಲೆ ತೆರಿಗೆ ಕಚೇರಿಯನ್ನು ಸಿರಿವಂತರ ಮನೆಗಳ ಹತ್ತಿರ ಇಡಿ.

ಬೆಳ್ಳಿ ಸಿಕ್ಕಾಗ ಅದನ್ನು ಎಲ್ಲಿಗೆ ಹಾಕಬೇಕು ಎನ್ನುವುದಕ್ಕೆ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸ್‌ಗಿಂತ ಒಳ್ಳೆಯ ಗುರು ಇಲ್ಲ. ಕ್ರಿ.ಪೂ. 483ರ ಸುಮಾರಿಗೆ ಲೌರಿಯಾನ್ ಗಣಿಯಲ್ಲಿ ಹೊಸ ಬೆಳ್ಳಿ ಸಿಕ್ಕಿತು. ತಲೆಗೆ ಹತ್ತು ದ್ರಾಕ್ಮಾದಂತೆ ಹಂಚಿಕೊಳ್ಳೋಣ ಎಂದು ಅಥೆನ್ಸಿನ ಜನ ಹೊರಟಿದ್ದರು. ಅವನು ಅವರ ಮನವೊಲಿಸಿ ಅದೇ ದುಡ್ಡಿನಲ್ಲಿ ಟ್ರೈರೀಮ್ ಎಂಬ ಯುದ್ಧದ ಹಡಗುಗಳನ್ನು ಕಟ್ಟಿಸಿದ. ಮೂರು ವರ್ಷಕ್ಕೆ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ಹಡಗುಗಳೇ.

ಆಹಾರವನ್ನು ಪೂರ್ತಿ ಆಮದಿನ ಮೇಲೇ ನಡೆಸಬಹುದಾ?

ನಡೆಸಬಹುದು. ಆದರೆ ನಿಮ್ಮ ಊರಿನ ಅನ್ನದ ತಟ್ಟೆ ಬೇರೆಯವರ ಕೈಯಲ್ಲಿದೆ ಎಂಬುದನ್ನು ಒಂದು ತಿಂಗಳೂ ಮರೆಯಬಾರದು. ಕುದುರೆ ಸಾಕುವುದಿದ್ದರೆ ಅದಕ್ಕೂ ಗೋಧಿ ಬೇಕು. ಹಾಗಾಗಿ ಊಟಕ್ಕೆ ಸಾಕು ಎಂದುಕೊಂಡ ಲೆಕ್ಕ ಸಿರಿವಂತರ ಬೀದಿ ಬೆಳೆದಂತೆ ತಪ್ಪುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು, ಏಕೆಂದರೆ ಅಥೆನ್ಸ್ ಬದುಕಿದ್ದೇ ಹೀಗೆ. ಕ್ರಿ.ಪೂ. 4ನೇ ಶತಮಾನದಲ್ಲಿ ಕಪ್ಪು ಸಮುದ್ರದ ಆಚೆ, ಇಂದಿನ ಕ್ರಿಮಿಯಾ ಕಡೆ, ಬಾಸ್ಪೊರಸ್ ರಾಜ್ಯವನ್ನು ಲ್ಯೂಕಾನ್ ಎಂಬವನು ಆಳುತ್ತಿದ್ದ. ಅವನ ನಾಡಿನಿಂದ ಅಥೆನ್ಸಿಗೆ ಸುಮಾರು 4,00,000 ಮೆಡಿಮ್ನಸ್ (ಗ್ರೀಕರ ಧಾನ್ಯದ ಅಳತೆ) ಧಾನ್ಯ ಬರುತ್ತಿತ್ತು ಎಂದು ಅಥೆನ್ಸಿನ ಭಾಷಣಕಾರ ಡೆಮಾಸ್ತನೀಸ್ ಒಂದು ಭಾಷಣದಲ್ಲಿ ಹೇಳಿದ್ದಾನೆ. ಧಾನ್ಯ ಒಯ್ಯುವವರು ಅಲ್ಲಿ ಮೂವತ್ತರಲ್ಲಿ ಒಂದು ಪಾಲು ಸುಂಕ ಕಟ್ಟಬೇಕಿತ್ತು. ಅಥೆನ್ಸಿಗೆ ಹೊರಟವರಿಗೆ ಲ್ಯೂಕಾನ್ ಆ ಸುಂಕವನ್ನು ಬಿಟ್ಟುಕೊಟ್ಟ, ಹಡಗು ತುಂಬುವಾಗ ಮೊದಲ ಸರದಿಯನ್ನೂ ಕೊಟ್ಟ. ಅಥೆನ್ಸ್ ಅವನಿಗೆ ತನ್ನ ಪೌರತ್ವವನ್ನೇ ಕೊಟ್ಟಿತು. ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 346ರಲ್ಲಿ, ಅವನ ಮಕ್ಕಳಿಗೆ ಚಿನ್ನದ ಕಿರೀಟ ಕೊಟ್ಟು ಗೌರವಿಸಿ, ಆ ನಿರ್ಣಯವನ್ನು ಕಲ್ಲಿನಲ್ಲಿ ಕೆತ್ತಿಸಿ ಅಥೆನ್ಸಿನ ಪಿರೇಯಸ್ ಬಂದರಿನಲ್ಲಿ ನಿಲ್ಲಿಸಿದರು.

ಇದರ ಇನ್ನೊಂದು ಮುಖ ಭಯಾನಕ. ಕ್ರಿ.ಪೂ. 405ರಲ್ಲಿ ಹೆಲೆಸ್ಪಾಂಟ್ ಜಲಸಂಧಿಯ ಈಗಸ್ಪೊಟಮಿ ಎಂಬಲ್ಲಿ ಸ್ಪಾರ್ಟಾದ ಲೈಸಾಂಡರ್ ಅಥೆನ್ಸಿನ ನೌಕಾಪಡೆಯನ್ನು ಹಿಡಿದುಹಾಕಿದ. ಧಾನ್ಯದ ಹಡಗುಗಳು ಬರುವ ದಾರಿ ಮುಚ್ಚಿತು. ಕೋಟೆಗೋಡೆ ಎತ್ತರವಾಗಿಯೇ ಇತ್ತು, ಒಳಗೆ ಜನ ಹಸಿದರು. ಮರುವರ್ಷ ಅಥೆನ್ಸ್ ಶರಣಾಯಿತು.

ಆದ್ದರಿಂದ ಆಟದಲ್ಲಿ ಆಹಾರ ಕೊಡುವ ನಗರ ಒಂದೇ ಇದ್ದರೆ ಅದರ ಒಲವನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಯಿರಿ. ಜೊತೆಗೆ ಊರೊಳಗೆ ಸ್ವಂತದ್ದು ಅಂತ ಏನಾದರೂ ಇರಲಿ: ಮೀನು, ಮೇಕೆ ಹಾಲಿನ ಚೀಸ್, ಈರುಳ್ಳಿ, ಕ್ಯಾರೆಟ್, ಯಾವುದಾದರೂ ಸರಿ.

ಈ ‘ಒಲವು’ ಎಂದರೆ ಏನು? ದುಡ್ಡಿನ ಹಾಗೆ ಲೆಕ್ಕಕ್ಕೆ ಸಿಗುತ್ತದಾ?

ಪ್ರತಿ ನಗರಕ್ಕೂ ನಿಮ್ಮ ಬಗ್ಗೆ ಒಂದು ಅಭಿಪ್ರಾಯ ಇರುತ್ತದೆ. ನಗರದ ಹೆಸರಿನ ಮೇಲೆ ಒತ್ತಿದರೆ ಅದು ಕಾಣುತ್ತದೆ. ಕೇಳಿದ್ದನ್ನು ಕೊಟ್ಟರೆ ಏರುತ್ತದೆ, ಇಲ್ಲ ಅಂದರೆ ಇಳಿಯುತ್ತದೆ, ನೀವು ಪದೇ ಪದೇ ಕೇಳಿದರೂ ಇಳಿಯುತ್ತದೆ.

ನಮಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಡ. ಮದುವೆ ಮನೆಯ ಮುಯ್ಯಿ ನೆನೆಸಿಕೊಳ್ಳಿ. ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಅವರ ಮನೆಯಲ್ಲಿ ಕಾರ್ಯ ಬಂದಾಗ ಅದಕ್ಕಿಂತ ಒಂದು ರೂಪಾಯಿ ಹೆಚ್ಚೇ ಸೇರಿಸಿ ತೀರಿಸುತ್ತೇವೆ. ಅದು ಸಾಲವಲ್ಲ, ದಾನವೂ ಅಲ್ಲ, ನಂಟಿನ ಲೆಕ್ಕ. ಆಟದ ಒಲವು ಅದೇ. ನಾನು ಗಮನಿಸಿದಂತೆ, ಖಜಾನೆಯ ಮೇಲೆ ಕಣ್ಣಿಟ್ಟು ಮುಯ್ಯಿಯ ಪುಸ್ತಕ ಮರೆತವರು ಮೂರನೇ ನಾಲ್ಕನೇ ಎಪಿಸೋಡ್‌ನಲ್ಲಿ (ಆಟದ ಕತೆಯ ಹಂತದಲ್ಲಿ) ಒಂಟಿಯಾಗುತ್ತಾರೆ. ಒಲವು ತೀರಾ ಇಳಿದರೆ ಆ ನಗರ ವ್ಯಾಪಾರವನ್ನೇ ನಿಲ್ಲಿಸುತ್ತದೆ. ಆಗ ಖಜಾನೆಯಲ್ಲಿ ಎಷ್ಟು ದ್ರಾಕ್ಮಾ ಇದ್ದರೂ ಅಮೃತಶಿಲೆ ಸಿಗುವುದಿಲ್ಲ.

ಅವರು ಸರಕು ಕೇಳಿದಾಗ ನನ್ನ ಹತ್ತಿರ ಇರುವುದೇ ಇಲ್ಲ. ಏನು ಮಾಡಲಿ?

ಈ ಪ್ರಶ್ನೆ ಬಂದಷ್ಟು ಇನ್ಯಾವುದೂ ಬಂದಿಲ್ಲ. ನನಗೂ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ದೇವಸ್ಥಾನ ಕಟ್ಟುತ್ತಿದ್ದೆ. ಅಮೃತಶಿಲೆ, ಮರ, ಪ್ರತಿಮೆ ಮೂರೂ ಬೇಕಾದ ಕೆಲಸ. ಅಮೃತಶಿಲೆ ಕೊಡುತ್ತಿದ್ದ ನಗರವೇ ಪ್ರತಿಮೆಗಳನ್ನು ಕೇಳಿತು. ದೇವಸ್ಥಾನಕ್ಕೆ ಎಂದು ಎತ್ತಿಟ್ಟಿದ್ದೇನೆ, ಆಮೇಲೆ ನೋಡೋಣ ಎಂದು ಮುಂದೂಡಿದೆ. ಎರಡನೇ ಸಲ ಕೇಳಿದಾಗಲೂ ಮುಂದೂಡಿದೆ. ಗಡುವು ದಾಟಿತು, ವ್ಯಾಪಾರಿಗಳು ಬರುವುದು ನಿಂತಿತು, ಗೋಡೆ ಅರ್ಧಕ್ಕೆ ನಿಂತ ದೇವಸ್ಥಾನ ವರ್ಷಗಟ್ಟಲೆ ಹಾಗೇ ಉಳಿಯಿತು. ನಾಲ್ಕು ಪ್ರತಿಮೆ ಉಳಿಸಲು ಹೋಗಿ ಇಡೀ ಗುಡಿ ಕಳೆದುಕೊಂಡೆ.

ಅಂದಿನಿಂದ ಪ್ರತಿ ಊರಿನಲ್ಲೂ ಒಂದು ‘ಮುಯ್ಯಿ ಗೋದಾಮು’ ಕಟ್ಟುತ್ತೇನೆ. ಗೋದಾಮಿಗೆ ಪ್ರತಿ ಸರಕಿಗೂ ಸ್ವೀಕರಿಸು, ಸ್ವೀಕರಿಸಬೇಡ, ತರಿಸಿಕೋ, ಖಾಲಿ ಮಾಡು ಎಂಬ ಆದೇಶ ಕೊಡಬಹುದು. ಅಗೋರಾದಿಂದ, ಕಾರ್ಖಾನೆಗಳಿಂದ ದೂರದಲ್ಲಿ ಒಂದು ಗೋದಾಮು ಕಟ್ಟಿ, ಸುತ್ತಲಿನ ನಗರಗಳು ಹೆಚ್ಚಾಗಿ ಕೇಳುವ ಮೂರು ನಾಲ್ಕು ಸರಕುಗಳಿಗೆ ಮಾತ್ರ ‘ತರಿಸಿಕೋ’ ಹಾಕಿ. ಯಾರು ಏನು ಕೇಳಬಹುದು ಎಂಬುದನ್ನು ಊಹಿಸುವುದು ಸುಲಭ: ಅವರು ನಿಮ್ಮಿಂದ ಕೊಳ್ಳುವ ಸರಕಿನ ಪಟ್ಟಿಯನ್ನೇ ನೋಡಿ. ಇಲ್ಲದ್ದನ್ನೇ ತಾನೇ ಕೊಳ್ಳುವುದು, ಇಲ್ಲದ್ದನ್ನೇ ತಾನೇ ಕೇಳುವುದು.

ಸರಕು ಪೂರ್ತಿ ಇಲ್ಲದಿದ್ದರೆ ಗಾಬರಿಯಾಗಿ ಕೂಡಲೇ ‘ಇಲ್ಲ’ ಒತ್ತಬೇಡಿ. ಮುಂದೂಡಿ, ಗಡುವಿನ ಒಳಗೆ ಒಟ್ಟುಮಾಡಿ, ಆಮೇಲೆ ಕಳಿಸಿ. ಆ ಸರಕನ್ನು ಮಾರುವ ಇನ್ನೊಂದು ನಗರ ಇದ್ದರೆ ಅಲ್ಲಿಂದ ಕೊಂಡಾದರೂ ಕೊಡಿ. ದುಡ್ಡು ಮತ್ತೆ ಬರುತ್ತದೆ.

ಹಾಗಾದರೆ ಎಲ್ಲರಿಗೂ, ಪ್ರತಿ ಸಲವೂ ಹೂಂ ಅನ್ನಬೇಕಾ?

ಬೇಡ. ಮೂರು ಗುಂಪು ಮಾಡಿಕೊಳ್ಳಿ. ನಿಮಗೆ ಇಲ್ಲದ್ದನ್ನು ಕೊಡುವ ನಗರಕ್ಕೆ ಎಂದೂ ಇಲ್ಲ ಅನ್ನಬೇಡಿ. ನಿಮ್ಮ ಸರಕು ಕೊಳ್ಳುವ ನಗರಕ್ಕೆ ಆದಷ್ಟು ಕೊಡಿ. ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ, ದಂಡು ಮಾತ್ರ ದೊಡ್ಡದಿದೆ ಅನ್ನುವ ನಗರಕ್ಕೆ ಕೊಡಬೇಕೋ ಬೇಡವೋ ಎಂಬುದು ನಿಮ್ಮ ಸೈನ್ಯ ಎಷ್ಟಿದೆ ಎಂಬುದರ ಮೇಲೆ ಹೋಗುತ್ತದೆ. ನಾನು ಆರಂಭದ ವರ್ಷಗಳಲ್ಲಿ ಕೊಡುತ್ತೇನೆ.

ನಾನು ಅವರನ್ನು ಯಾವಾಗ ಕೇಳಬಹುದು?

ಒಲವು ಚೆನ್ನಾಗಿದ್ದಾಗ, ನಿಜವಾಗಿ ಕೊರತೆ ಇದ್ದಾಗ. ಕೇಳಿದರೆ ಒಲವು ಸ್ವಲ್ಪ ಇಳಿಯುತ್ತದೆ ಎಂಬುದು ನೆನಪಿರಲಿ. ನೆರೆಮನೆಯಿಂದ ಮೊಸರಿಗೆ ಹೆಪ್ಪು ಕೇಳಿದರೆ ಯಾರೂ ಬೇಸರಪಡುವುದಿಲ್ಲ, ದಿನಾ ಹಾಲನ್ನೇ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಸರಕು ಬಂದಾಗ ಇಡಲು ಗೋದಾಮಿನಲ್ಲಿ ಜಾಗ ಇರಬೇಕು. ಸಾಮಂತರ ಕಪ್ಪಕ್ಕೂ ಇದೇ ಮಾತು.

ಉಡುಗೊರೆ ಕಳಿಸುವುದು ದುಡ್ಡು ದಂಡ ಅಲ್ಲವಾ?

ಕೇಳದೆ ಕೊಟ್ಟದ್ದಕ್ಕೆ ಬೆಲೆ ಹೆಚ್ಚು. ಒಲವು ಇಳಿದಿದ್ದರೆ ಅದನ್ನು ಎತ್ತಲು ಬೇರೆ ದಾರಿ ಕಡಿಮೆ, ಏಕೆಂದರೆ ಅವರು ಮತ್ತೆ ಕೋರಿಕೆ ಕಳಿಸುವವರೆಗೆ ನೀವು ಕಾಯುತ್ತಾ ಕೂರಬೇಕಾಗುತ್ತದೆ. ವರ್ಷದ ಕೊನೆಯಲ್ಲಿ ಗೋದಾಮಿನಲ್ಲಿ ಮಿಕ್ಕ ಸರಕು ಕೊಳೆಯುವ ಬದಲು ಉಡುಗೊರೆಯಾಗಿ ಹೋಗಲಿ. ಅವರಲ್ಲೇ ಬೆಳೆಯುವ ವಸ್ತು ಬೇಡ, ಅವರು ಕೊಳ್ಳುವ ವಸ್ತು ಕಳಿಸಿ.

ಮಿತ್ರ ನಗರ ಸೈನ್ಯ ಕಳಿಸಿ ಎಂದು ಕೇಳುತ್ತಿದೆ. ಕಳಿಸಿದರೆ ನನ್ನ ಊರಿನ ಗತಿ?

ಹಾಪ್ಲೈಟ್ ಕಾಲಾಳುಗಳು, ಕುದುರೆ ಸವಾರರು ಬರುವುದು ಸಿರಿವಂತರ ಮನೆಗಳಿಂದ. ಅವರು ಊರಿನ ಕೆಲಸಗಾರರಲ್ಲ, ಹೊರಗೆ ಹೋದರೂ ಕಾರ್ಖಾನೆ ನಿಲ್ಲುವುದಿಲ್ಲ. ಸಾಮಾನ್ಯ ಜನರ ಕಲ್ಲೆಸೆಯುವ ಪಡೆಯನ್ನು ಎಬ್ಬಿಸಿದರೆ ಮಾತ್ರ ಹೊಲ, ಗಣಿ, ಅಂಗಡಿ ಎಲ್ಲ ಬಿಕೋ ಎನ್ನುತ್ತವೆ. ನೆರವಿಗೆ ಎಂದರೆ ಸಿರಿವಂತರ ಪಡೆಯನ್ನು ಕಳಿಸಿ, ಅರ್ಧ ಮನೆಯಲ್ಲಿರಲಿ. ಸೈನ್ಯದ ನೆರವಿನಿಂದ ಏರುವ ಒಲವು ಹತ್ತು ಗಾಡಿ ಉಣ್ಣೆಗೆ ಸಮ ಎನ್ನುವುದು ನನ್ನ ಅಂದಾಜು. ಆ ಮಿತ್ರ ಸೋತು ಎದುರಾಳಿಯ ಕೈಗೆ ಸಿಕ್ಕರೆ ನಿಮ್ಮ ವ್ಯಾಪಾರವೂ ಅದರ ಜೊತೆ ಹೋಗುತ್ತದೆ.

ಎದುರಾಳಿ ನಗರವನ್ನು ಗೆದ್ದು ಸಾಮಂತನನ್ನಾಗಿ ಮಾಡಿಕೊಳ್ಳುವುದು ಒಳ್ಳೆಯದಾ, ಕೊಳ್ಳೆ ಹೊಡೆಯುವುದು ಒಳ್ಳೆಯದಾ?

ಕೊಳ್ಳೆಯಿಂದ ಒಂದು ಸಲ ಸರಕು ಬರುತ್ತದೆ, ಹಗೆ ಉಳಿಯುತ್ತದೆ. ಗೆದ್ದರೆ ವರ್ಷ ವರ್ಷವೂ ಕಪ್ಪ ಬರುತ್ತದೆ, ವ್ಯಾಪಾರದ ಬಾಗಿಲೂ ತೆರೆಯುತ್ತದೆ. ನಿಮ್ಮ ಹತ್ತಿರ ಬಲ ಇದ್ದರೆ ಗೆಲ್ಲುವುದೇ ಸರಿ. ಆದರೆ ಗೆದ್ದ ಮೇಲೆ ಮರೆಯಬೇಡಿ. ಸಾಮಂತರಿಗೂ ಒಲವಿನ ಲೆಕ್ಕ ಇದೆ. ಅವರ ಕೋರಿಕೆಗಳನ್ನು ಸತತವಾಗಿ ತಳ್ಳಿದರೆ ದಂಗೆ ಏಳುತ್ತಾರೆ, ಕಪ್ಪ ನಿಲ್ಲುತ್ತದೆ, ಮತ್ತೆ ದಂಡು ಕಟ್ಟಿಕೊಂಡು ಹೋಗಬೇಕಾಗುತ್ತದೆ.

ಅಥೆನ್ಸ್ ಈ ತಪ್ಪನ್ನು ದೊಡ್ಡ ಮಟ್ಟದಲ್ಲಿ ಮಾಡಿತು. ಕ್ರಿ.ಪೂ. 478ರಲ್ಲಿ ಪರ್ಷಿಯನ್ನರ ವಿರುದ್ಧ ದ್ವೀಪಗಳು, ಕರಾವಳಿಯ ನಗರಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಖಜಾನೆ ಡೀಲಾಸ್ ದ್ವೀಪದಲ್ಲಿತ್ತು. ಮೊದಲು ಗೊತ್ತುಮಾಡಿದ ವಂತಿಗೆ ವರ್ಷಕ್ಕೆ 460 ಟ್ಯಾಲೆಂಟ್ (ದೊಡ್ಡ ಮೊತ್ತದ ದುಡ್ಡಿನ ಅಳತೆ) ಎಂದು ಗ್ರೀಕ್ ಇತಿಹಾಸಕಾರ ಥ್ಯುಸಿಡೈಡಿಸ್ ಬರೆದಿದ್ದಾನೆ. ಎಲ್ಲರೂ ಸಮಾನ ಮಿತ್ರರು ಎಂದು ಶುರುವಾದದ್ದು ನಿಧಾನವಾಗಿ ಬದಲಾಯಿತು. ಹೊರಗೆ ಹೋಗುತ್ತೇನೆ ಎಂದ ನಾಕ್ಸಾಸ್‌ಗೆ ಮುತ್ತಿಗೆ ಹಾಕಿದರು. ಥಾಸಾಸ್‌ನ ಕತೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಎದುರು ದಡದಲ್ಲಿದ್ದ ಥಾಸಾಸ್‌ನವರ ವ್ಯಾಪಾರ ಕೇಂದ್ರಗಳು, ಒಂದು ಗಣಿ, ಇವುಗಳ ಮೇಲೆ ಅಥೆನ್ಸಿಗೆ ಕಣ್ಣು ಬಿತ್ತು. ಕ್ರಿ.ಪೂ. 465ರಲ್ಲಿ ಥಾಸಾಸ್ ತಿರುಗಿಬಿತ್ತು. ಮೂರನೇ ವರ್ಷಕ್ಕೆ ಸೋತು ಗೋಡೆ ಕೆಡವಿಸಿಕೊಂಡಿತು, ಹಡಗುಗಳನ್ನು ಒಪ್ಪಿಸಿತು, ಗಣಿಯನ್ನೂ ಬಿಟ್ಟುಕೊಟ್ಟಿತು. ಕ್ರಿ.ಪೂ. 454ರ ಹೊತ್ತಿಗೆ ಖಜಾನೆಯೇ ಅಥೆನ್ಸಿಗೆ ಬಂತು. ವಂತಿಗೆ ಕಪ್ಪವಾಯಿತು, ಮಿತ್ರರು ಸಾಮಂತರಾದರು. ಮುಂದೆ ಸ್ಪಾರ್ಟಾದ ವಿರುದ್ಧ ನಡೆದ ಪೆಲಪೊನೀಷಿಯನ್ ಯುದ್ಧದಲ್ಲಿ ಅಥೆನ್ಸ್ ಎಡವಿದಾಗಲೆಲ್ಲ ಈ ನಗರಗಳು ಒಂದೊಂದಾಗಿ ಕೈಕೊಟ್ಟವು.

ದಂಡು ಬಾಗಿಲಿಗೆ ಬಂದಿದೆ. ದುಡ್ಡು ಕೊಟ್ಟು ವಾಪಸ್ ಕಳಿಸಬಹುದಾ?

ಕಳಿಸಬಹುದು. ಹೋರಾಡಿ ಸೋತರೆ ಅಥವಾ ಶರಣಾದರೆ ನೀವೇ ಅವರಿಗೆ ವರ್ಷ ವರ್ಷ ಕಪ್ಪ ಕಟ್ಟುವ ಸ್ಥಿತಿ ಬರುತ್ತದೆ. ದ್ರಾಕ್ಮಾ ಇದ್ದು ಸೈನ್ಯ ಇಲ್ಲದಿದ್ದರೆ ಒಂದು ಸಲ ಕೊಟ್ಟು ಕಳಿಸಿ, ಉಳಿದ ಕಾಲದಲ್ಲಿ ಕವಚದ ಕಾರ್ಖಾನೆ ಕಟ್ಟಿ. ಎರಡನೇ ಸಲವೂ ದುಡ್ಡನ್ನೇ ನೆಚ್ಚಬೇಡಿ.

ವಸಾಹತು ಎಪಿಸೋಡ್ ಯಾಕೆ ಆಡಬೇಕು? ನನ್ನ ದೊಡ್ಡ ಊರನ್ನು ಬಿಟ್ಟು ಹೋಗಲು ಮನಸ್ಸಿಲ್ಲ.

ಆ ಬೇಸರ ನನಗೂ ಗೊತ್ತು. ಆದರೆ ಈ ಆಟದ ಜೀವಾಳವೇ ಇದು. ತವರು ನಗರದಲ್ಲಿ ಇಲ್ಲದ ಸರಕಿಗಾಗಿ ಹೊಸ ಜಾಗಕ್ಕೆ ಹೋಗಿ ಊರು ಕಟ್ಟುತ್ತೀರಿ. ಮುಗಿಸಿ ವಾಪಸ್ ಬಂದಾಗ ನೀವೇ ಕಟ್ಟಿದ ಊರು ಪ್ರಪಂಚದ ನಕ್ಷೆಯಲ್ಲಿ ಕಾಣುತ್ತದೆ, ನಿಮ್ಮ ಜೊತೆ ವ್ಯಾಪಾರ ಮಾಡುತ್ತದೆ, ಕಪ್ಪ ಕಳಿಸುತ್ತದೆ. ತವರಿಗೆ ಹಿಂತಿರುಗಿದರೆ ಅಲ್ಲಿ ನೀವು ಬಿಟ್ಟುಹೋದ ಬೀದಿಗಳು ಹಾಗೆಯೇ ಇರುತ್ತವೆ. ಕೆಲವು ಎಪಿಸೋಡ್‌ಗಳಲ್ಲಿ ವಸಾಹತಿಗೆಂದು ಮುಂಚಿತವಾಗಿ ಇಷ್ಟು ಸರಕು ಎತ್ತಿಡಿ ಎಂಬ ಗುರಿಯೂ ಇರುತ್ತದೆ. ಅದನ್ನು ಕೊನೆಯ ಗಳಿಗೆಗೆ ಬಿಡಬೇಡಿ.

ತವರು, ವಸಾಹತು ಎಂದ ಮಾತ್ರಕ್ಕೆ ನಂಟು ತಾನಾಗಿ ಉಳಿಯುವುದಿಲ್ಲ. ಕೊರಿಂತ್ ನಗರದವರು ಹೋಗಿ ಕಟ್ಟಿದ ಊರು ಕೊರ್ಸೈರಾ. ಮುಂದೆ ಅದು ಸಿರಿವಂತವಾಗಿ, ನೌಕಾಪಡೆ ಕಟ್ಟಿಕೊಂಡು, ಹಬ್ಬಗಳಲ್ಲಿ ತವರಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಕೊಡುವುದಿಲ್ಲ ಎಂದು ಕೊರಿಂತ್‌ನವರು ದೂರುತ್ತಿದ್ದರು. ಕ್ರಿ.ಪೂ. 433ರಲ್ಲಿ ಸೈಬೋಟಾ ಬಳಿ ತಾಯಿ ಮಗಳು ಹಡಗು ಹಡಗಿಗೆ ಹೊಡೆದಾಡಿದವು, ಅಥೆನ್ಸ್ ಮಗಳ ಪಕ್ಷಕ್ಕೆ ಬಂತು. ಪೆಲಪೊನೀಷಿಯನ್ ಯುದ್ಧಕ್ಕೆ ಬಿದ್ದ ಕಿಡಿಗಳಲ್ಲಿ ಇದೂ ಒಂದು.

ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರ ದಿಢೀರನೆ ನಿಂತಿತು. ನನ್ನ ತಪ್ಪಾ?

ಯಾವಾಗಲೂ ಅಲ್ಲ. ಆ ನಗರವನ್ನು ಇನ್ನೊಬ್ಬರು ಗೆದ್ದಿರಬಹುದು, ಅಲ್ಲಿ ಅನಾಹುತ ಆಗಿರಬಹುದು, ಬೆಲೆ ಏರಿಳಿದಿರಬಹುದು, ಒಂದು ಸರಕು ಕೊಳ್ಳುವುದನ್ನು ಅವರು ನಿಲ್ಲಿಸಿರಬಹುದು. ಸಂದೇಶಗಳನ್ನು ಓದದೆ ಮುಚ್ಚಬೇಡಿ, ಕಾರಣ ಅಲ್ಲೇ ಇರುತ್ತದೆ. ಮುಖ್ಯ ಸರಕಿಗೆ ಎರಡು ಮೂಲ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಬಾಗಿಲು ಮುಚ್ಚುವುದನ್ನೇ ಆಯುಧ ಮಾಡಿಕೊಂಡದ್ದೂ ಉಂಟು. ಕ್ರಿ.ಪೂ. 432ರ ಸುಮಾರಿಗೆ ಅಥೆನ್ಸ್ ತನ್ನ ಸಾಮ್ರಾಜ್ಯದ ಬಂದರುಗಳಿಗೂ ತನ್ನ ಅಗೋರಾಕ್ಕೂ ಪಕ್ಕದ ಮೆಗಾರಾದವರು ಬರಕೂಡದು ಎಂದು ನಿರ್ಣಯ ಮಾಡಿತು. ಕತ್ತಿ ಎತ್ತದೆ ಒಂದು ಊರನ್ನು ಹಿಂಡುವ ದಾರಿ. ಅದನ್ನು ಹಿಂತೆಗೆದುಕೊಂಡರೆ ಯುದ್ಧ ತಪ್ಪುತ್ತದೆ ಎಂದು ಸ್ಪಾರ್ಟಾದ ದೂತರು ಹೇಳಿದರು. ಅಥೆನ್ಸಿನ ನಾಯಕ ಪೆರಿಕ್ಲಿಸ್ ಒಪ್ಪಲಿಲ್ಲ.

ಆಟದಲ್ಲಿ ರಾಯಭಾರಿಗಳು ಇದ್ದಾರಾ?

ಊರಿಗೆ ಬಂದು ನೆಲೆಸುವ ರಾಯಭಾರಿ ಇಲ್ಲ, ಸಂದೇಶಗಳಷ್ಟೇ. ಗ್ರೀಕ್ ನಗರಗಳಲ್ಲೂ ಇಂದಿನ ಹಾಗೆ ಕಾಯಂ ರಾಯಭಾರ ಕಚೇರಿ ಇರಲಿಲ್ಲ. ಅದರ ಬದಲು ಪ್ರಾಕ್ಸೆನಾಸ್ ಎಂಬ ವ್ಯವಸ್ಥೆ ಇತ್ತು: ಒಂದು ಊರಿನ ಪ್ರಜೆಯೇ ತನ್ನೂರಿನಲ್ಲಿ ಇದ್ದುಕೊಂಡು ಬೇರೊಂದು ಊರಿನವರ ಹಿತ ನೋಡಿಕೊಳ್ಳುವುದು. ಅಥೆನ್ಸಿನ ಸೇನಾಪತಿ ಸೈಮನ್ ಸ್ಪಾರ್ಟಾದ ಪ್ರಾಕ್ಸೆನಾಸ್ ಆಗಿದ್ದ. ಸ್ಪಾರ್ಟಾದ ಮೇಲಿನ ಪ್ರೀತಿಗೆ ಒಬ್ಬ ಮಗನಿಗೆ ಲ್ಯಾಸಿಡಮೋನಿಯಸ್ ಎಂದೇ ಹೆಸರಿಟ್ಟಿದ್ದ. ಮುಂದಿನ ಯಾವುದಾದರೂ ಆಟದಲ್ಲಿ ಇಂಥ ಒಬ್ಬ ಮನುಷ್ಯನನ್ನು ನೋಡುವ ಆಸೆ ನನಗಿದೆ.

ಆಟದ ದ್ರಾಕ್ಮಾಕ್ಕೆ ನಿಜದಲ್ಲಿ ಎಷ್ಟು ಬೆಲೆ?

ಅಥೆನ್ಸಿನ ಒಂದು ದ್ರಾಕ್ಮಾ ಸುಮಾರು 4.3 ಗ್ರಾಂ ಬೆಳ್ಳಿ. 6 ಒಬೊಲ್ ಸೇರಿದರೆ 1 ದ್ರಾಕ್ಮಾ, 6,000 ದ್ರಾಕ್ಮಾಕ್ಕೆ 1 ಟ್ಯಾಲೆಂಟ್. ಕ್ರಿ.ಪೂ. 5ನೇ ಶತಮಾನದ ಕೊನೆಯಲ್ಲಿ ಅಕ್ರೊಪೊಲಿಸ್ ಮೇಲೆ ಎರೆಕ್ಥಿಯಾನ್ ಗುಡಿ ಕಟ್ಟಿದವರ ಲೆಕ್ಕಪತ್ರ ಕಲ್ಲಿನ ಮೇಲೆ ಉಳಿದಿದೆ. ಕೆಲಸಗಾರನ ದಿನಗೂಲಿ ಸುಮಾರು ಒಂದು ದ್ರಾಕ್ಮಾ. ಪಿರೇಯಸ್‌ನಲ್ಲಿ ಬರುವ, ಹೋಗುವ ಸರಕಿಗೆ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ. 2 ಸುಂಕ. ಈ ಸುಂಕ ಆಟದಲ್ಲಿ ಇಲ್ಲ, ಬೆಲೆಯ ವ್ಯತ್ಯಾಸವೇ ನಿಮ್ಮ ಆದಾಯ.

‘ಪೊಸೈಡನ್’ ವಿಸ್ತರಣೆ ಬಂದ ಮೇಲೆ ವ್ಯಾಪಾರ ಬದಲಾಯಿತಾ?

2001ರಲ್ಲಿ ಬಂದ ‘ಪೊಸೈಡನ್: ಮಾಸ್ಟರ್ ಆಫ್ ಅಟ್ಲಾಂಟಿಸ್’ ಕಿತ್ತಳೆ, ಓರಿಕ್ಯಾಲ್ಕ್ ಲೋಹ, ಕಪ್ಪು ಅಮೃತಶಿಲೆಯಂಥ ಹೊಸ ಸರಕುಗಳನ್ನು ತಂದಿತು. ವ್ಯಾಪಾರದ, ಒಲವಿನ ಮೂಲ ನಿಯಮ ಅದೇ. ಅದರ ಜೊತೆ ಬಂದ, ಆಟದ ಕತೆಯನ್ನು ನಾವೇ ಕಟ್ಟುವ ಅಡ್ವೆಂಚರ್ ಎಡಿಟರ್ ನನಗೆ ಹೆಚ್ಚು ಇಷ್ಟ. ಯಾವ ನಗರ ಯಾವಾಗ ಏನು ಕೇಳಬೇಕು ಎಂಬುದನ್ನು ನೀವೇ ಬರೆಯಬಹುದು.

ಈಗಿನ ಕಂಪ್ಯೂಟರ್‌ನಲ್ಲಿ ಆಡಬಹುದಾ? ಕನ್ನಡದಲ್ಲಿ ಇದೆಯಾ?

ಆಟಗಳನ್ನು ಮಾರುವ ಗಾಗ್ (GOG) ತಾಣದಲ್ಲಿ ಮೂಲ ಆಟ, ವಿಸ್ತರಣೆ ಎರಡೂ ಸೇರಿ ಒಟ್ಟಿಗೆ ಸಿಗುತ್ತವೆ. ಅಗಲ ಪರದೆಗೆ ಆಟಗಾರರೇ ಮಾಡಿದ ಪ್ಯಾಚ್‌ಗಳಿವೆ. ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಕಷ್ಟವಾದರೆ ಮೊದಲು ಸರಕುಗಳ ಚಿತ್ರ ಗುರುತಿಸಲು ಕಲಿಯಿರಿ, ಅರ್ಧ ಕೆಲಸ ಅದರಲ್ಲೇ ಆಗುತ್ತದೆ.

ವ್ಯಾಪಾರ ಮಾತ್ರ ಅಭ್ಯಾಸ ಮಾಡಬೇಕು. ಎಲ್ಲಿಂದ ಶುರುಮಾಡಲಿ?

ಗುರಿಯ ಒತ್ತಡ ಬೇಡವಾದರೆ ಓಪನ್ ಪ್ಲೇ ತೆಗೆದುಕೊಳ್ಳಿ, ಕಷ್ಟದ ಮಟ್ಟವನ್ನು ಕೆಳಗೆ ಇಡಿ. ಮೊದಲ ವರ್ಷ ಒಂದೇ ನಗರದ ಜೊತೆ ವ್ಯಾಪಾರ ಮಾಡಿ: ಒಂದು ಪಿಯರ್, ಮಾರಲು ಒಂದು ಸರಕು, ಕೊಳ್ಳಲು ಒಂದು ಸರಕು. ಎರಡನೇ ವರ್ಷ ಮುಯ್ಯಿ ಗೋದಾಮು ಕಟ್ಟಿ ಎರಡನೇ ನಗರಕ್ಕೆ ಕೈಚಾಚಿ. ಅದು ಹಿಡಿತಕ್ಕೆ ಬಂದ ಮೇಲೆ ಪೆಲಪೊನೀಷಿಯನ್ ಯುದ್ಧದ ಅಡ್ವೆಂಚರ್ ತೆರೆಯಿರಿ. ನಕ್ಷೆಯ ಮೇಲೆ ಕೊರಿಂತ್, ಸ್ಪಾರ್ಟಾ ಹೆಸರು ಕಂಡಾಗ ಒಂದು ಕ್ಷಣ ಆಟ ನಿಲ್ಲಿಸಿ, ನಿಮ್ಮ ಊರಿಗೆ ಗೋಧಿ ಯಾರ ದಾರಿಯಿಂದ ಬರುತ್ತಿದೆ ನೋಡಿಕೊಳ್ಳಿ.